ಜಾಲಿ ಆರಿಸುವ ಮಾತು

ನಮ್ಮ ಅತ್ತಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಅವಳ ಆ ಹೊತ್ತಿನ ಮನಸ್ಸು ಹೇಳಬಹುದಿತ್ತು. ಸಿಟ್ಟು ಬಂದ ದಿನ ಕೈ ಓಡುತ್ತಿತ್ತು, ಸಪ್ಪಳ ಒಂದರ ಮೇಲೊಂದು ಬೀಳುತ್ತಿತ್ತು. ಸಮಾಧಾನದ ದಿನ ಎರಡು ಬಡಿತ, ಒಂದು ತಿರುವು, ಮತ್ತೆರಡು ಬಡಿತ. ಆ ವರ್ಷ ದೀಪಾವಳಿ ಮುಗಿಸಿ ನಾನು ಹೋದಾಗ ಅದರ ನಡುವೆ ಇನ್ನೊಂದು ಸಪ್ಪಳ ಸೇರಿಕೊಂಡಿತ್ತು. ನಾಲ್ಕು ರೊಟ್ಟಿಗೊಮ್ಮೆ ಅವಳು ಕೈ ನಿಲ್ಲಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿ, ಏನೂ ಆಗಿಲ್ಲವೆಂಬಂತೆ ಮತ್ತೆ ಹಿಟ್ಟಿಗೆ ಕೈ ಹಾಕುತ್ತಿದ್ದಳು.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಲಚ್ಯಾಣದ ಹತ್ತಿರದ ನಮ್ಮ ಮನೆಯಿಂದ ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಎಪ್ಪತ್ತು ದಾಟಿದ್ದಳು. ಮನೆಯ ಹಿಂದೆ ಮೂರು ಕಡೆ ಬಯಲಾದ ಒಂದು ತಗಡಿನ ಶೆಡ್ಡು. ಅದರಲ್ಲಿ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಖಡಕ್ ರೊಟ್ಟಿ ಮಾಡುವುದೇ ಅವಳ ಸಂಸಾರ. ಸುತ್ತಲಿನ ಲಗ್ನದ ಮನೆಗಳಿಗೆ, ಮಠಗಳ ದಾಸೋಹಕ್ಕೆ, ಬಾಗೇವಾಡಿಯ ಎರಡು ಖಾನಾವಳಿಗಳಿಗೆ ಅವಳ ರೊಟ್ಟಿಯೇ ಹೋಗುತ್ತಿತ್ತು. ತಿಂಗಳಾದರೂ ಕೆಡದ ರೊಟ್ಟಿ. ಮುರಿದರೆ ಹಪ್ಪಳದ ಹಾಗೆ ಚಟ್ ಎನ್ನಬೇಕು, ಬಾಯಲ್ಲಿ ಮಾತ್ರ ಹಿಟ್ಟಿನ ಸಿಹಿ ಇರಬೇಕು.

ವಿಜಯಪುರದ ಡಾಕ್ಟರು ಅವಳ ಎದೆಯ ಫೋಟೋ ನೋಡಿ, ಹೊಗೆ ಬಿಡಬೇಕು, ಇಲ್ಲವಾದರೆ ರೊಟ್ಟಿ ಬಿಡಬೇಕು, ಎರಡರಲ್ಲಿ ಒಂದು ಎಂದಿದ್ದರು. ಮಗ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ: ಒಲೆ ಒಡೆದುಹಾಕುವುದು, ಅವ್ವನನ್ನು ಕಟ್ಟೆಯ ಮೇಲೆ ಕೂರಿಸುವುದು. ಅತ್ತಿ ನನ್ನನ್ನು ಶೆಡ್ಡಿಗೆ ಕರೆದು, ಊದುಗೊಳವಿಯನ್ನು ಕೋಲಿನ ಹಾಗೆ ನೆಲಕ್ಕೆ ಊರಿ ಹೇಳಿದಳು:

"ಹೊಗಿ ಬಿಡು ಅಂದ್ರ ಇವತ್ತ ಬಿಡ್ತೇನಿ ತಮ್ಮಾ. ರೊಟ್ಟಿ ಬಿಟ್ಟು ಏನ್ ಮಾಡ್ಲಿ? ಟಿವಿ ಮುಂದ ಕುಂತು ಅತ್ತಿ-ಸೊಸಿ ಜಗಳ ನೋಡ್ಲ್ಯಾ? ಅದನ್ನ ನಾವಿಬ್ರೂ ಅವರಿಗಿಂತ ಚಂದ ಆಡ್ತೇವಿ."

ಸೊಸೆ ಹಿಟ್ಟು ನಾದುವ ಪರಾತದ ಮೇಲೆ ಬಗ್ಗಿ ನಕ್ಕಳು. ನಾನೂ ನಕ್ಕೆ. ಆದರೆ ಅತ್ತಿ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಸಿಂದಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ತಮ್ಮನ ಮಗ ಇದಕ್ಕೊಂದು ದಾರಿ ಹುಡುಕದೆ ಹೋಗುತ್ತಾನೆಯೇ ಎಂಬ ನೋಟ ಅದು.

ಆ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಮುಳವಾಡದ ನೀರಾವರಿ ಕಾಲುವೆ ಆ ಕಡೆ ಬಂದ ಮೇಲೆ ಹಸಿರು ಮೇವು ಹೆಚ್ಚಾಗಿ ಎಮ್ಮೆ ಹೆಚ್ಚಿದ್ದವು, ಸಗಣಿ ಹೆಚ್ಚಿತ್ತು. ಒಳಮನೆಯ ಚಹಾ, ಸಾರು ಎಲ್ಲ ಅದರ ಮೇಲೆಯೇ. ಆದರೆ ಅದರ ಸಣ್ಣ ಉಂಗುರದ ಉರಿಯಲ್ಲಿ ರೊಟ್ಟಿ ನಡುವೆ ಹೊತ್ತಿ ಅಂಚಿಗೆ ಹಸಿಯಾಗಿ ಉಳಿಯುತ್ತಿತ್ತು, ಬಯಲು ಶೆಡ್ಡಿನ ಗಾಳಿಗೆ ಉರಿ ಹಾರಿಯೇ ಹೋಗುತ್ತಿತ್ತು. ಖಡಕ್ ರೊಟ್ಟಿಗೆ ಬೇಕಾದದ್ದು ಜಾಲಿ ಕಟ್ಟಿಗೆಯ ಕೆಂಡ. ಎಲ್ಲ ಕಡೆ ಒಂದೇ ಸಮ ಹರಡಿಕೊಂಡ, ನಾಲಿಗೆ ಚಾಚದ ಕಾವು.

ನಾಲಿಗೆ ಇಲ್ಲದ ಉರಿ ನನಗೆ ಗೊತ್ತಿತ್ತು. ಗೋಬರ್ ಗ್ಯಾಸಿನಲ್ಲಿ ಉರಿಯುವ ವಸ್ತು ಮಿಥೇನ್. ಅದು ಸುಲಭಕ್ಕೆ ಉರಿಯುವ ಜಾತಿಯಲ್ಲ, ಹಟಮಾರಿ. ಆದರೆ ಪಲ್ಲಾಡಿಯಂ ಎಂಬ ಲೋಹದ ಕಣಗಳ ಮೇಲೆ ಬಂದು ಕೂತರೆ ಆ ಹಟ ಬಿಡುತ್ತದೆ. ಜ್ವಾಲೆ ಇಲ್ಲ, ಹೊಗೆ ಇಲ್ಲ, ಮಂದ ಕೆಂಪಾಗಿ ಕಾಯುತ್ತ ಉರಿದುಹೋಗುತ್ತದೆ. ಲೋಹ ತಾನು ಖರ್ಚಾಗುವುದಿಲ್ಲ. ಲಗ್ನ ಮಾಡಿಸಿ ಊಟ ಮಾಡದೆ ಮುಂದಿನ ಮನೆಗೆ ಹೋಗುವ ಹಿರಿಯರ ಹಾಗೆ. ಸಂಶೋಧನೆಯ ವರ್ಷಗಳನ್ನೆಲ್ಲ ನಾನು ಈ ಕಣಗಳ ಜೊತೆಯೇ ಕಳೆದಿದ್ದೆ. ಜೇನುಹುಟ್ಟಿನ ಹಾಗೆ ಸಾವಿರ ತೂತಿರುವ ಪಿಂಗಾಣಿಯ ಹಲಗೆಗೆ ಆ ಕಣ ಹಚ್ಚಿದ ಒಂದು ದೊಡ್ಡ ತುಂಡು ನನ್ನ ಪ್ರಯೋಗಾಲಯದ ಕಪಾಟಿನಲ್ಲಿತ್ತು. ಅದನ್ನು ಅತ್ತಿಯ ಹಂಚಿನ ಕೆಳಗೆ ಇಡೋಣ ಎಂದುಕೊಂಡೆ.

ಅದಕ್ಕೆ ಚೌಕಟ್ಟು ಮಾಡಿಕೊಟ್ಟವನು ಮುದ್ದೇಬಿಹಾಳದ ಒಬ್ಬ ಮಿಸ್ತ್ರಿ. ಅಜ್ಜನ ಕಾಲದಿಂದ ಪಂಪ್‌ಸೆಟ್ ರಿಪೇರಿ, ಖಾನಾವಳಿಗಳ ಗ್ಯಾಸ್ ಭಟ್ಟಿ ಮಾಡುತ್ತ ಬಂದ ಮುಸ್ಲಿಂ ಮನೆತನ ಅವನದು. ನಾನು ಬರೆದುಕೊಟ್ಟ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಸರಿ ಮಾಡಿ ಹಿಡಿದು ನೋಡಿ, ಉರಿ ಕಾಣದ ಒಲೆ ಮಾಡಿಕೊಟ್ಟರೆ ಹೆಣ್ಣುಮಕ್ಕಳು ತನ್ನನ್ನು ಬೈಯುತ್ತಾರೆ, ಹತ್ತಿತೋ ಇಲ್ಲವೋ ಎಂದು ಕೈ ಇಟ್ಟೇ ನೋಡಬೇಕಲ್ಲ ಎಂದ. ಆದರೂ ಮಾಡಿದ. ಕೆಳಗೆ ಕರೆಂಟಿನ ಕಾಯಿಲ್, ಏಕೆಂದರೆ ಹಲಗೆ ಮೊದಲು ಚೆನ್ನಾಗಿ ಕಾಯದೆ ಮಿಥೇನ್ ಅದರ ಮೇಲೆ ಕೂರುವುದೇ ಇಲ್ಲ. ಪಕ್ಕಕ್ಕೆ ಗಾಳಿ ಊದಲು ಸಣ್ಣ ಫ್ಯಾನು. ಮೇಲೆ ಹಂಚು ಇಡಲು ಮೂರು ಕಾಲು, ಸುತ್ತ ಸೀರೆ ತಾಕದಂತೆ ಕಬ್ಬಿಣದ ಕಂಬಿಯ ಕಟಾಂಜನ. ಕೆಲಸ ಮಾಡುವಷ್ಟು ಹೊತ್ತೂ ಕಾಯಿಲು, ಫ್ಯಾನು ನಡೆಯುತ್ತಿರಬೇಕು.

ಸಂಕ್ರಮಣದ ಆಚೆಗೆ ಒಂದು ಮುಂಜಾನೆ ಅದನ್ನು ಶೆಡ್ಡಿನಲ್ಲಿ ಕೂರಿಸಿದೆವು. ಮಿಸ್ತ್ರಿ ಆ ತೂತಿನ ಪಿಂಗಾಣಿ ಹಲಗೆಯನ್ನು, ಜಾಲರಿ ಎಂಬ ಅರ್ಥದಲ್ಲಿ, ಜಾಲಿ ಜಾಲಿ ಎನ್ನುತ್ತಿದ್ದ. ಅತ್ತಿಗೆ ಖುಷಿಯಾಯಿತು. "ಮದಲ ಜಾಲಿ ಕಟ್ಟಿಗಿ, ಈಗ ಈ ಜಾಲಿ. ಹೆಸರು ಒಂದ ಐತಿ ಬಿಡು. ಉರಿಯೂದು ಅದರ ಹಣ್ಯಾಗ ಬರದೈತಿ" ಎಂದಳು. ಕಾಯಿಲ್ ಕಾಯ್ದು ಗ್ಯಾಸ್ ಬಿಟ್ಟಾಗ ಹಲಗೆಯ ಒಂದು ಮೂಲೆಯಿಂದ ಕೆಂಪು ಮೆಲ್ಲಗೆ ಹರಡಿತು. ಸದ್ದಿಲ್ಲ, ಹೊಗೆಯಿಲ್ಲ. ಅತ್ತಿ ಮೊದಲ ರೊಟ್ಟಿ ಹಾಕಿದಳು, ಹಸಿ ಅರಿವೆಯಿಂದ ಅದರ ಮೈಗೆ ನೀರು ಸವರಿದಳು, ತಿರುವಿದಳು. ಬೇಯಿಸಿ ತೆಗೆದ ರೊಟ್ಟಿಯನ್ನು ಕಟಾಂಜನಕ್ಕೆ ಆನಿಸಿ ನಿಲ್ಲಿಸಿದಳು. ನಡುವಿನಿಂದ ಅಂಚಿನವರೆಗೆ ಒಂದೇ ಬಣ್ಣ. ಅವಳು ಊದುಗೊಳವಿಯನ್ನು ಕೈಯಲ್ಲಿ ಹಿಡಿದೇ ಇದ್ದಳು. ಊದುವುದಕ್ಕೆ ಏನೂ ಇರಲಿಲ್ಲ.

ಮಧ್ಯಾಹ್ನ ನನಗೆ ದೇವರ ಹಿಪ್ಪರಗಿ ಮೇಲೆ ಹೋಗುವ ಸಿಂದಗಿ ಬಸ್ಸು ಹಿಡಿಯುವುದಿತ್ತು. ಹಚ್ಚುವುದನ್ನು ಕೈಯಾರೆ ತೋರಿಸಿಕೊಟ್ಟಿದ್ದೆ. ಮುಗಿಸುವ ಹೊತ್ತಿನ ತನಕ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಂಬಕ್ಕೆ ಅಂಟಿಸಿದೆ. ಕೆಲಸ ಮುಗಿದ ಮೇಲೆ, ಒಂದು: ಗ್ಯಾಸಿನ ನಳ ಬಂದ್ ಮಾಡಿ. ಎರಡು: ಜಾಲಿ ಪೂರ್ತಿ ಆರಿಸಿ. ಮೂರು: ಆರಿದ ಮೇಲೆ ಕಾಯಿಲು, ಫ್ಯಾನು ಬಂದ್ ಮಾಡಿ. ಅತ್ತಿಗೆ ಓದಲು ಬಾರದು. ಸೊಸೆ ಹತ್ತನೆಯ ತರಗತಿ ಓದಿದವಳು. ಅವಳು ಹಾಳೆಯ ಮೇಲೆ ಕಣ್ಣಾಡಿಸಿ, ಗೊತ್ತಾತ್ರಿ ಅಣ್ಣಾರ, ಬಿಡ್ರಿ, ನಾ ಮಾಡ್ತೇನಿ ಎಂದಳು. ನಾನು ನಿಶ್ಚಿಂತೆಯಿಂದ ಬಸ್ಸು ಹತ್ತಿದೆ.

ಹತ್ತು ದಿನ ಒಳ್ಳೆಯ ಸುದ್ದಿಯೇ ಬಂತು. ಕೆಮ್ಮು ಇಳಿದಿದೆ, ಅತ್ತಿ ಮುಂಜಾನೆ ಹಾಡಿಕೊಳ್ಳುತ್ತಾಳೆ ಎಂದು ಸೊಸೆ ಫೋನ್ ಮಾಡಿದ್ದಳು. ಆಮೇಲೆ ಒಂದು ದಿನ, ಜಾಲಿ ಕೆಂಪಾಗಲು ತಡ ಮಾಡುತ್ತಿದೆ ಎಂದಳು. ಮತ್ತೆ ನಾಲ್ಕು ದಿನಕ್ಕೆ, ಅರ್ಧ ಅಷ್ಟೇ ಕೆಂಪಾಗುತ್ತದೆ, ಗ್ಯಾಸಿನ ವಾಸನೆ ಹಾಗೇ ಬರುತ್ತದೆ ಎಂದಳು. ಎಂದರೆ ಮಿಥೇನ್ ಉರಿಯದೆ ದಾಟಿಹೋಗುತ್ತಿತ್ತು. ಶೆಡ್ಡು ಬಯಲಾಗಿದ್ದದ್ದು ಪುಣ್ಯ. ವಾಸನೆ ಬಂದರೆ ಮೊದಲು ನಳ ಬಂದ್ ಮಾಡಿಬಿಡಿ ಎಂದು ಹೇಳಿದೆ.

ನನ್ನ ಸಂಶಯ ಗಂಧಕದ ಮೇಲೆ ಹೋಯಿತು. ಸಗಣಿಯ ಗ್ಯಾಸಿನಲ್ಲಿ ಕೊಳೆತ ತತ್ತಿಯ ವಾಸನೆಯ ಗಂಧಕದ ಅಂಶ ಇದ್ದೇ ಇರುತ್ತದೆ, ಪಲ್ಲಾಡಿಯಂಗೆ ಅದು ವಿಷ. ಅದನ್ನು ಹಿಡಿಯಲೆಂದೇ ಪೈಪಿನ ನಡುವೆ ತುಕ್ಕು ಹಿಡಿದ ಕಬ್ಬಿಣದ ತುರಿಯ ಡಬ್ಬಿ ಇಟ್ಟಿದ್ದೆವು. ಮಿಸ್ತ್ರಿಗೆ ಹೇಳಿ ಹೊಸ ತುರಿ ಹಾಕಿಸಿದೆ. ಅವನು ಮುದ್ದೇಬಿಹಾಳದಿಂದ ಬೈಕಿನಲ್ಲಿ ಬಂದು, ಹಳೆಯ ತುರಿ ಸುರುವಿ ನೋಡಿ, ಇದು ಗಂಧಕ ಕುಡಿದು ಇನ್ನೂ ಅರ್ಧ ಕೂಡ ಕಪ್ಪಾಗಿಲ್ಲವಲ್ಲ ಎಂದ. ಹೊಸ ತುರಿಯಿಂದ ಏನೂ ಬದಲಾಗಲಿಲ್ಲ.

ಆಗ ನನಗೆ ನೀರಿನ ನೆನಪಾಯಿತು. ಮೊದಲೇ ಆಗಬೇಕಿತ್ತು, ನನ್ನ ಓದಿನ ಅರ್ಧ ಆಯುಷ್ಯ ಹೋದದ್ದೇ ಆ ಜಗಳದಲ್ಲಿ. ಪಲ್ಲಾಡಿಯಂಗೂ ನೀರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಇದನ್ನು ನಾನು ಹುಡುಗರಿಗೆ ಸಿಂದಗಿಯ ಬಸ್ ಸ್ಟ್ಯಾಂಡಿನ ಮೇಲೆ ಹೇಳಿಕೊಡುತ್ತೇನೆ. ಬಸ್ಸು ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಒಬ್ಬ ಟವೆಲು ಒಗೆಯುತ್ತಾನೆ. ಸೀಟು ಖಾಲಿಯೇ ಇದೆ, ಆದರೆ ಅಲ್ಲಿ ಯಾರೂ ಕೂರುವ ಹಾಗಿಲ್ಲ. ನೀರು ಮಾಡುವುದೂ ಅದನ್ನೇ. ಮಿಥೇನ್ ಬಂದು ಕೂರಬೇಕಾದ ಕಣದ ಮೇಲೆ ತನ್ನ ಒದ್ದೆ ಟವೆಲು ಹಾಸಿಬಿಡುತ್ತದೆ. ತಮಾಷೆ ಎಂದರೆ ಆ ನೀರು ಎಲ್ಲಿಂದಲೋ ಬರಬೇಕೆಂದಿಲ್ಲ. ಮಿಥೇನ್ ಉರಿದರೆ ಹುಟ್ಟುವುದೇ ನೀರು. ಉರಿ ತಾನೇ ಹಡೆದ ಕೂಸು ಉರಿಯ ಸೀಟು ಹಿಡಿಯುತ್ತದೆ. ಚೆನ್ನಾಗಿ ಕಾಯ್ದಿರುವ ತನಕ ಚಿಂತೆಯಿಲ್ಲ, ಕಾವಿಗೆ ಟವೆಲು ಎದ್ದುಹೋಗುತ್ತದೆ. ಕಾವು ಇಳಿದಾಗಲೇ ಅದು ಅಂಟಿಕೊಳ್ಳುವುದು.

ಇಷ್ಟು ತಿಳಿದವನು ತಪ್ಪು ಜಾಗದಲ್ಲಿ ಬೆರಳು ಇಟ್ಟೆ. ಅತ್ತಿ ರೊಟ್ಟಿಗೆ ನೀರು ಸವರುವಾಗ ಅರಿವೆಯಿಂದ ಹನಿ ಜಾಲಿಯ ಮೇಲೆ ಬೀಳುತ್ತಿರಬೇಕು ಎಂದುಕೊಂಡೆ. ಫೋನಿನಲ್ಲಿ ಅವಳಿಗೆ, ಸ್ವಲ್ಪ ದಿನ ನೀರು ಕಡಿಮೆ ಸವರು, ಅರಿವೆ ಚೆನ್ನಾಗಿ ಹಿಂಡಿಕೋ ಎಂದೆ. ಅರವತ್ತು ವರ್ಷ ರೊಟ್ಟಿ ಮಾಡಿದವಳಿಗೆ ರೊಟ್ಟಿಗೆ ನೀರು ಎಷ್ಟು ಎಂದು ಹೇಳಿದವನು ನಾನು. ಅವಳು ಆಗಲಿ ಎಂದಳು, ಅಷ್ಟೇ. ನೀರು ಸಾಲದ ರೊಟ್ಟಿಯ ಮೈಯೆಲ್ಲ ಬಿರಿಯಿತು. ಬಾಗೇವಾಡಿಯ ಒಂದು ಲಗ್ನದ ಮನೆಗೆ ಹೋದ ಬುಟ್ಟಿಯಲ್ಲಿ ಅರ್ಧ ರೊಟ್ಟಿ ಚೂರಾಗಿ ಹೋಗಿತ್ತು. ಬೀಗರ ಮುಂದೆ ಪುಡಿ ಬಡಿಸಬೇಕೇನು ಎಂದು ಯಾರೋ ಹಿರಿಯರು ಅಂದರಂತೆ. ಅವಳ ರೊಟ್ಟಿಗೆ ಅಂಥ ಮಾತು ಬಂದದ್ದು ಅದೇ ಮೊದಲು.

ಇದನ್ನು ಅತ್ತಿ ನನಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, ತವರಿನಲ್ಲಿ, ಇಂಡಿ ಕಡೆ, ಲಿಂಬೆ ಬೆಳೆ ಹೇಗಿದೆ, ನಿನ್ನ ಹುಡುಗರ ಪರೀಕ್ಷೆ ಯಾವಾಗ ಎಂದೆಲ್ಲ ಕೇಳಿ, ಕೊನೆಗೆ ಮೆಲ್ಲಗೆ ಹೇಳಿದಳು: "ನೀ ಮನಸಿಗೆ ಹಚ್ಚಿಕೋಬ್ಯಾಡ ತಮ್ಮಾ. ಬರೋ ಅಮಾಸಿಗೆ ನಾ ಇದರದು ಕೈ ತೊಳಕೊಂತೇನಿ."

ಅಮಾವಾಸ್ಯೆಗೆ ಐದು ದಿನ ಇತ್ತು. ನಡುವೆ ಒಂದು ರವಿವಾರ. ಆ ರವಿವಾರ ಮುಂಜಾನೆಯ ಬಸ್ಸಿಗೆ ಹೊರಟೆ.

ಹೋದಾಗ ಶೆಡ್ಡಿನಲ್ಲಿ ಸಪ್ಪಳವೇ ಇರಲಿಲ್ಲ. ಅತ್ತಿ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಿಸ್ತ್ರಿಗೂ ಬರಲು ಹೇಳಿದ್ದೆ. ಅವನು ಜಾಲಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, ತೂತುಗಳಲ್ಲಿ ಕಸವಿಲ್ಲ ಎಂದು ತೋರಿಸಿದ. ಮತ್ತೆ ಕೂರಿಸಿ ಹಚ್ಚಿದೆವು. ಕಾಯಿಲ್ ಕಾಯ್ದರೂ ಜಾಲಿ ಮಂಕಾಗಿಯೇ ಇತ್ತು. ನಡುವೆ ಅಂಗೈಯಷ್ಟು ಕೆಂಪು, ಅದೂ ಬೂದಿ ಮುಚ್ಚಿದ ಕೆಂಡದ ಹಾಗೆ.

ನಾನು ಸೊಸೆಯನ್ನು ವಕೀಲರ ಹಾಗೆ ಪ್ರಶ್ನೆ ಮಾಡಲು ಶುರು ಮಾಡಿದೆ. ಗ್ಯಾಸಿನ ತೇವ ಇಳಿದು ಕೂಡಲೆಂದು ಪೈಪಿನ ಕೆಳಗೆ ಇಟ್ಟ ಬಾಟಲಿಯ ನೀರು ಚೆಲ್ಲುತ್ತೀಯಾ? ಚೆಲ್ಲುತ್ತಾಳೆ. ಫ್ಯಾನು ನಡೆಯುತ್ತದೆಯೇ? ನಡೆಯುತ್ತದೆ. ದಿನಾ ಜಾಲಿ ಆರಿಸುತ್ತೀಯಾ? ಹೌದ್ರಿ ಅಣ್ಣಾರ, ಒಂದ ದಿನಾ ತಪ್ಪಿಸಿಲ್ಲ ಎಂದಳು. ಫೋನಿನಲ್ಲೂ ನಾನು ಇದೇ ಕೇಳಿದ್ದೆ, ಅವಳು ಇದೇ ಹೇಳಿದ್ದಳು. ಆದರೆ ಈ ಸಲ ಹೇಳಿದ ಮೇಲೆ ಸೆರಗಿನ ತುದಿ ಸುತ್ತತೊಡಗಿದಳು. ಅತ್ತಿಯ ಕಡೆ ಒಮ್ಮೆ ನೋಡಿದಳು.

"ಒಂದ ದಿನ ತಪ್ಪೇತ್ರಿ," ಎಂದಳು. "ಸಿಟ್ ಮಾಡಬ್ಯಾಡ್ರಿ. ತವರಮನಿ ಫೋನ್ ಬಂದಿತ್ತು. ನಳ ಬಂದ್ ಮಾಡಿದ್ನಿ, ಜಾಲಿ ಆರಸೋದು ಮರತ ಬಿಟ್ನಿ. ಕಾಯಿಲ್ಲು ಫ್ಯಾನು ಹಂಗ ತಿರಗಿ ತಿರಗಿ, ತಾಸಿನ ಮ್ಯಾಲ ಕರೆಂಟ್ ಹೋದಾಗ ತಾವ ನಿಂತಾವ. ಸುಳ್ಳ ಕರೆಂಟ್ ಸುಟ್ಟೆ ಅಂತ ಅತ್ತ್ಯಾರಿಗೂ ಹೇಳಿಲ್ಲ."

ಅದರಿಂದಲೇ ಕೆಟ್ಟಿತೇ ಎಂದು ಅವಳಿಗೆ ಭಯ. ನಾನು, ಮರುದಿನ ಜಾಲಿ ಹೇಗಿತ್ತು ಎಂದೆ.

"ಅದ ನೋಡ್ರಿ ಮಜಾ. ಮರದಿನ ಮದಲಿನಂಗ ಕೆಂಪಗ ಆಗಿತ್ತು. ಎರಡ ದಿನ ಚಂದ ನಡೀತು."

ಆರಿಸಿದ ದಿನಗಳಲ್ಲೆಲ್ಲ ಕೆಡುತ್ತ ಹೋದದ್ದು, ಆರಿಸುವುದು ಮರೆತ ದಿನ ಸುಧಾರಿಸಿದೆ. ನನ್ನ ತಲೆ ಓಡಲಿಲ್ಲ. ಮಿಸ್ತ್ರಿ ಗಡ್ಡ ಕೆರೆದುಕೊಂಡು, ಇದು ಸರ್ಕಾರಿ ನೌಕರನ ಜಾತಿ ಇರಬೇಕು ಸರ್, ಹೇಳಿದ್ದರ ಉಲ್ಟಾ ಮಾಡುತ್ತದೆ ಎಂದ. ಅಷ್ಟರಲ್ಲಿ ಅತ್ತಿ ಮೊರ ಕೆಳಗಿಟ್ಟು, ಆ ಕಂಬದ ಹಾಳಿ ಒಮ್ಮೆ ಓದು, ಅದರಾಗ ಇದ್ದದ್ದು ಇದ್ದಂಗ ಓದು ಎಂದು ಸೊಸೆಗೆ ಹೇಳಿದಳು. ಅಲ್ಲಿಯ ತನಕ ಸೊಸೆ ಅವಳಿಗೆ ಹಾಳೆಯ ಅರ್ಥ ಹೇಳಿದ್ದಳೇ ಹೊರತು ಹಾಳೆ ಓದಿ ಹೇಳಿರಲಿಲ್ಲ. ಸೊಸೆ ಶಾಲೆಯಲ್ಲಿ ಓದಿದ ಹಾಗೆ ನಿಂತು ಓದಿದಳು. ಎರಡು: ಜಾಲಿ ಪೂರ್ತಿ ಆರಿಸಿ.

"ಆರಿಸಿ ಅಂದ್ರ ಏನು?" ಅತ್ತಿ ಕೇಳಿದಳು.

"ಬಂದ್ ಮಾಡೂದ್ರಿ. ಕೆಂಪ ಹೋಗೂ ಹಂಗ ಆರಸೂದು. ದೀಪಾ ಆರಸ್ತಾರಲ್ಲ, ಹಂಗ."

ಅತ್ತಿ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಲಚ್ಯಾಣದ ಕಡೆಯ ನಮ್ಮ ಮನೆಯ ಪಡಸಾಲೆಗೆ ಹೋಗಿ ನಿಂತಿದ್ದೆ.

ನಾನು ಮಾತು ಕಲಿತದ್ದು ಆ ಪಡಸಾಲೆಯಲ್ಲಿ, ನನ್ನ ಆಯಿಯ ಹತ್ತಿರ, ಅಂದರೆ ಅಪ್ಪನ ತಾಯಿಯ ಹತ್ತಿರ. ಮತ್ತು ಬಾಣಂತನಕ್ಕೆ ಬಂದರೆ ಆರು ತಿಂಗಳು ಹೋಗದೆ ಇರುತ್ತಿದ್ದ ಇದೇ ಅತ್ತಿಯ ಹತ್ತಿರ. ಸಣ್ಣವನಿದ್ದಾಗ ಒಂದು ಸಂಜೆ, ದೀಪ ಆರಿಸಲೇ ಎಂದು ಕೇಳಿದ್ದಕ್ಕೆ ಅತ್ತಿ ನನ್ನ ನೆತ್ತಿಯ ಮೇಲೆ ಮೊಟಕಿದ್ದಳು. ಹಾಗೆ ಅನ್ನಬಾರದು. ದೀಪ ದೊಡ್ಡದು ಮಾಡಲೇ ಅನ್ನಬೇಕು. ಒಲೆಯನ್ನಾದರೆ ಶಾಂತ ಮಾಡಬೇಕು. ಬೆಂಕಿಯ ಎದುರು ಆರುವ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಆರುವುದು ಹಗ್ಗದ ಮೇಲಿನ ಅರಿವೆ, ಸಾರಿಸಿದ ನೆಲ, ತೊಳೆದ ಕೂದಲು, ಮೊಣಕಾಲಿನ ಗಾಯ. ಆರಿಸುವುದೆಂದರೆ ನನ್ನ ಮಟ್ಟಿಗೆ ಹಸಿ ಹೋಗಿಸುವುದು, ಬೇರೇನೂ ಅಲ್ಲ. ಆಮೇಲೆ ಎಷ್ಟೋ ಪುಸ್ತಕ ಓದಿ ಆ ಮಾತಿನ ಉಳಿದ ಅರ್ಥಗಳನ್ನೂ ತಿಳಿದುಕೊಂಡೆ. ಆದರೆ ಅವಸರದಲ್ಲಿ ಪೆನ್ನು ಹಿಡಿದಾಗ ಕೈಗೆ ಬಂದದ್ದು ಆಯಿಯ ಮನೆಯ ಮಾತು.

ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ನಾವು ಕನ್ನಡ ಬಳಸಿದ್ದೇ ಇಲ್ಲ. ಗ್ಯಾಸ್ ನಿಲ್ಲಿಸಿದ ಮೇಲೆ ಬಿಸಿ ಇಳಿಯಗೊಡದೆ, ಒಣ ಗಾಳಿ ಹಾಯಿಸುತ್ತ, ಕಣಗಳ ಮೇಲೆ ಕೂತ ನೀರನ್ನೆಲ್ಲ ಓಡಿಸಿ, ಆಮೇಲೆ ತಣ್ಣಗಾಗಲು ಬಿಡಬೇಕು. ಸಂಜೆ ಯಾರಾದರೂ ಅದನ್ನು ಮರೆತರೆ ಮರುದಿನ ನಮ್ಮ ಗುರುಗಳ ಮುಖ ನೋಡುವ ಹಾಗಿರುತ್ತಿರಲಿಲ್ಲ. ಅದೇ ಕೆಲಸವನ್ನು ಏಳು ಅಕ್ಷರದಲ್ಲಿ ಹಿಡಿಯಲು ಹೋಗಿ ನಾನು ಎರಡು ಬಾಯಿಯ ಮಾತು ಇಟ್ಟಿದ್ದೆ. ಅದು ಎಷ್ಟು ಅಚ್ಚುಕಟ್ಟಾಗಿ ತಪ್ಪಾಗಿತ್ತೆಂದರೆ, ಮೂರನೆಯ ಸಾಲು ಕೂಡ ಎರಡೂ ಅರ್ಥಕ್ಕೆ ಹೊಂದುತ್ತಿತ್ತು. ನಳ ಬಂದ್ ಮಾಡಿದರೆ ಕೆಂಪು ಒಂದು ನಿಮಿಷದಲ್ಲಿ ಹೋಗುತ್ತದೆ. ಆರಿತು. ಆರಿದ ಮೇಲೆ ಕಾಯಿಲು, ಫ್ಯಾನು ಬಂದ್. ಸೊಸೆ ಹಾಳೆಯಲ್ಲಿ ಇದ್ದದ್ದನ್ನು ಅಕ್ಷರ ತಪ್ಪದೆ ಮಾಡಿದ್ದಳು. ದಿನವಿಡೀ ಉರಿ ಹಡೆದ ನೀರು, ಸಗಣಿ ಗುಂಡಿಯಿಂದ ಗ್ಯಾಸಿನ ಜೊತೆ ಬಂದ ಆವಿ, ಎಲ್ಲ ಒಳಗೇ ಉಳಿದು, ಜಾಲಿ ತಣ್ಣಗಾಗುತ್ತ ಬಂದ ಹಾಗೆ ಕಣಗಳ ಮೇಲೆ ಟವೆಲು ಹಾಸುತ್ತ ಹೋಗಿತ್ತು.

"ನಮ್ಮ ಮನ್ಯಾಗ ಬೆಂಕಿಗಿ ಆರಸು ಅಂತಿದ್ದಿಲ್ಲ," ಅತ್ತಿ ಹೇಳಿದಳು. ಸೊಸೆಗೆ ಅಲ್ಲ, ನನಗೆ. "ನೀ ಒಣಗಸಾಕ ಹೇಳಿದ್ಯಾ?"

ಹೌದು ಎಂದೆ.

ಅವಳು ಎದ್ದು ಶೆಡ್ಡಿನೊಳಗೆ ಹೋಗಿ, ಜಾಲಿಯ ಮೂರು ಕಾಲಿನ ಮೇಲೆ ಕೈ ಇಟ್ಟು ನಿಂತಳು. ಆಮೇಲೆ ತನ್ನ ತಪ್ಪನ್ನೂ ತಾನೇ ಮುಂದಿಟ್ಟಳು. ಸಂಜೆ ಎಲ್ಲ ಬಂದ್ ಮಾಡಿದ ಮೇಲೆ, ಕಾವು ಸುಮ್ಮನೆ ಹಾಳಾಗುವುದೇಕೆ ಎಂದು, ರೊಟ್ಟಿಗೆ ನೀರು ಸವರುವ ಹಸಿ ಅರಿವೆಯನ್ನು ಅವಳು ದಿನಾ ಆ ಕಾಲುಗಳ ಮೇಲೆ ಹರವುತ್ತಿದ್ದಳಂತೆ. ಧೂಳೂ ಬೀಳುವುದಿಲ್ಲ, ಮುಂಜಾನೆಗೆ ಅರಿವೆಯೂ ಗರಿಗರಿ. ಒಲೆಯ ಕಾಲದಿಂದ ಬಂದ ರೂಢಿ. ಅರಿವೆ ಆರುತ್ತಿತ್ತು, ಅದರ ಹಸಿ ಜಾಲಿಗೆ ಇಳಿಯುತ್ತಿತ್ತು. ನಾನು ರೊಟ್ಟಿಯ ಮೇಲಿನ ನೀರಿಗೆ ಬೈದಿದ್ದೆ. ಕಾಯ್ದ ಜಾಲಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಕೆಟ್ಟದ್ದು ಕೆಲಸ ಮುಗಿದ ಮೇಲಿನ ನೀರು.

ನೀರು ಕಡಿಮೆ ಸವರು ಎಂದು ಹೇಳಿದ್ದು ನನ್ನ ತಪ್ಪು, ಲಗ್ನದ ಮನೆಯ ಮಾತು ನಿನಗೆ ಬಂದದ್ದು ನನ್ನಿಂದ ಎಂದು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳದವಳ ಹಾಗೆ, ಅದನ್ನ ಹೇಳೂದು ಬಿಟ್ಟು ಈಗ ಇದನ್ನ ಹೆಂಗ ಒಣಗಸ್ತಿ ಅದನ್ನ ಹೇಳು ಎಂದಳು.

ನಳ ಬಂದ್ ಮಾಡಿ, ಕಾಯಿಲನ್ನು ಪೂರ್ತಿ ಏರಿಸಿ, ಫ್ಯಾನು ಹಾಕಿ ಕೂತೆವು. ಒಂದು ದಿನದ ಹಸಿಗೆ ಕಾಲು ತಾಸು ಸಾಕು. ಇದು ಒಂದೂವರೆ ತಿಂಗಳ ಹಸಿ. ಎರಡು ತಾಸು ಬಿಟ್ಟೆವು. ಸೊಸೆ ಚಹಾ ಮಾಡಿದಳು. ಮಿಸ್ತ್ರಿ ತನ್ನ ಅಜ್ಜಿಯ ಮನೆಯಲ್ಲೂ ದೀಪಕ್ಕೆ ಆ ಮಾತು ಆಡುತ್ತಿರಲಿಲ್ಲ, ಚಿರಾಗು ಬಢಾವ್ ಎನ್ನುತ್ತಿದ್ದರು, ಅದೂ ದೊಡ್ಡದು ಮಾಡುವುದೇ ಎಂದ. ಅತ್ತಿಗೆ ಇದು ಬಹಳ ಹಿಡಿಸಿತು. ಇನ್ನೊಮ್ಮೆ ಹೇಳಿಸಿಕೊಂಡಳು.

ನಾನು ಮಾತ್ರ ಫ್ಯಾನಿನ ಸದ್ದು ಕೇಳುತ್ತ ಇನ್ನೊಂದು ಭಯದಲ್ಲಿದ್ದೆ. ನೀರು ಹಾಸಿದ ಟವೆಲನ್ನು ಎತ್ತಬಹುದು. ಆದರೆ ಬಹಳ ದಿನ ಆವಿಯಲ್ಲಿ ಕಾಯ್ದೂ ತಣಿದೂ ಮಾಡಿದರೆ ಆ ಸಣ್ಣ ಕಣಗಳು ಸರಿದು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುತ್ತವೆ, ಮಳೆಗಾಲದ ಹಿಟ್ಟು ಗಂಟಾದ ಹಾಗೆ. ಗಂಟಾದದ್ದು ಒಣಗಿಸಿದರೆ ಬಿಡಿಸಿಕೊಳ್ಳುವುದಿಲ್ಲ. ಒಂದೂವರೆ ತಿಂಗಳಲ್ಲಿ ಎಷ್ಟು ಟವೆಲು, ಎಷ್ಟು ಗಂಟು ಎಂದು ನೋಡಿ ಹೇಳಲು ಆಗುತ್ತಿರಲಿಲ್ಲ. ಇದನ್ನು ಅತ್ತಿಗೆ ಮುಚ್ಚಿಡದೆ ಹೇಳಿದೆ. ಪೂರ್ತಿ ಬರದೆ ಇರಬಹುದು ಎಂದೆ. ಅವಳು ತಲೆಯಾಡಿಸಿದಳು. ಆ ರಾತ್ರಿ ಅಲ್ಲಿಯೇ ಉಳಿದೆ.

ಮುಂಜಾನೆ ಕಾಯಿಲ್ ಹಚ್ಚಿ ಗ್ಯಾಸ್ ಬಿಟ್ಟವಳು ಸೊಸೆ. ನಾನು ಮುಟ್ಟಲಿಲ್ಲ. ನಡುವಿನಿಂದ ಕೆಂಪು ಎದ್ದಿತು, ಹರಡಿತು, ಮೂರು ಮೂಲೆ ತುಂಬಿತು. ನಾಲ್ಕನೆಯ ಮೂಲೆ, ಅರಿವೆ ಯಾವಾಗಲೂ ಜೋತುಬೀಳುತ್ತಿದ್ದ ಕಡೆಯದು, ಕಪ್ಪಾಗಿಯೇ ಉಳಿಯಿತು. ಹತ್ತು ನಿಮಿಷ ಕಾದೆವು. ಅದು ಕೆಂಪಾಗಲಿಲ್ಲ. ಇಷ್ಟೇ ಎಂದು ನನಗೆ ಗೊತ್ತಾಯಿತು.

ಅತ್ತಿ ಹಂಚು ಇಡುವ ಮೊದಲು ಬಗ್ಗಿ ಆ ಮೂಲೆಯನ್ನು ನೋಡಿದಳು. "ಇದೊಂದು ಮೂಲಿ ನನ್ನಂ‌ಗ ಮುದುಕಿ ಆಗೈತಿ," ಎಂದಳು. "ಇರಲಿ. ಮೂರ ಮೂಲಿ ದುಡೀತಾವಲ್ಲ."

ನಾನು ಹೊರಗೆ ಬಂದು ಎಮ್ಮೆಯ ಗೋದಲಿಯ ಹತ್ತಿರ ನಿಂತೆ. ಅಲ್ಲಿಗೆ ಸಪ್ಪಳ ಕೇಳಿಸಿತು. ಮೊದಲ ರೊಟ್ಟಿಗೆ ಅನುಮಾನದ ಬಡಿತ, ಬಿಟ್ಟು ಬಿಟ್ಟು. ಐದನೆಯದಕ್ಕೋ ಆರನೆಯದಕ್ಕೋ ಕೈ ಕುದುರಿತು: ಎರಡು ಬಡಿತ, ಒಂದು ತಿರುವು, ಮತ್ತೆರಡು ಬಡಿತ. ಒಳಗೆ ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿಯನ್ನು ಒಂದು ಸುತ್ತು ಹೆಚ್ಚು ತಿರುಗಿಸುತ್ತಿದ್ದಳು, ಕಪ್ಪು ಮೂಲೆಯ ಕಡೆ ಬಂದ ಅಂಚಿಗೂ ಕಾವು ಸಿಗುವಂತೆ. ನೀರು ಕೈ ತುಂಬ ಸವರುತ್ತಿದ್ದಳು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಹೊರಡುವ ಮೊದಲು ಹಳೆಯ ಹಾಳೆ ಕಿತ್ತು ಹೊಸದು ಬರೆಯಲು ಕೂತೆ. ಈ ಸಲ ಅತ್ತಿ ಹೇಳಿದಳು, ನಾನು ಬರೆದೆ, ಸೊಸೆ ಓದಿ ಅರ್ಥ ಹೇಳಿದಳು. ಮೂವರಿಗೂ ಒಂದೇ ಅರ್ಥ ಬಂದ ಮೇಲೆಯೇ ಮುಂದಿನ ಸಾಲು. ಗ್ಯಾಸ್ ಶಾಂತ ಮಾಡ್ರಿ. ಕಾಯಿಲ್ಲ, ಫ್ಯಾನ ಹಂಗ ಬಿಡ್ರಿ. ಒಂದು ಚಹಾ ಮಾಡಿ ಕುಡಿಯೂತನಕ ಜಾಲಿ ಒಣಗಲಿ. ಆಮ್ಯಾಲ ಎಲ್ಲಾ ಬಂದ್. ಅರಿವಿ ಹಗ್ಗದ ಮ್ಯಾಗ. ಕಾಲು ತಾಸಿಗಿಂತ ಒಂದು ಚಹಾದ ಹೊತ್ತು ಒಳ್ಳೆಯ ಅಳತೆ ಎಂದು ನನಗೂ ಅನ್ನಿಸಿತು. ಆ ಮನೆಯಲ್ಲಿ ಗಡಿಯಾರ ನೋಡದೆ ಇರಬಹುದು, ಸಂಜೆಯ ಚಹಾ ತಪ್ಪುವುದಿಲ್ಲ. ಆ ಬರಹ ಯಾವ ಪುಸ್ತಕಕ್ಕೂ ಸಲ್ಲುವಂಥದ್ದಲ್ಲ. ನನ್ನ ಹೆಸರಿನಲ್ಲಿ ಅಚ್ಚಾದ ಸಂಶೋಧನೆಗಳಲ್ಲಿ ಅಷ್ಟು ತಪ್ಪಿಲ್ಲದ ಐದು ಸಾಲು ನಾನು ಬರೆದದ್ದು ನೆನಪಿಲ್ಲ.

ಅಮಾವಾಸ್ಯೆಯ ಮುಂಜಾನೆ ಸಿಂದಗಿಯಲ್ಲಿ ಇನ್ನೂ ಕಾಲೇಜಿಗೆ ಹೊರಟಿರಲಿಲ್ಲ, ಅತ್ತಿಯ ಫೋನ್ ಬಂತು. ಹಿಂದೆ ಫ್ಯಾನಿನ ಸದ್ದು ಇತ್ತು. ನನಗೆ ಅವಳು ಹಾಕಿದ್ದ ವಾಯಿದೆ ನೆನಪಿಗೆ ಬಂತು.

"ಇವತ್ತ ಅಮಾಸಿ ಅಲ್ಲೇನ ಅತ್ತಿ?" ಎಂದೆ. "ಕೈ ತೊಳಕೊಂಡ್ಯಾ?"

"ತೊಳಕೊಂಡೆ," ಎಂದಳು. "ಹಿಟ್ಟ ನಾದಬೇಕಲ್ಲೋ."